ಧಾರವಾಡ ಸೀಮೆ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಅಕಾಲಮೃತ್ಯು: ಒಂದು ತುಲನಾತ್ಮಕ ವಿಚಾರ

ಮನುಷ್ಯನ ಆಯುಸ್ಸು ನಿಯತವೋ ಅನಿಯತವೋ ಎಂಬ ಪ್ರಶ್ನೆಯು ಭಾರತೀಯ ಶಾಸ್ತ್ರಗಳಲ್ಲಿ ಬಹು ಪ್ರಾಚೀನವಾದುದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಮೂರನೆಯ ಅಧ್ಯಾಯವು ಇದೇ ವಿಚಾರಕ್ಕೆ ಮೀಸಲಾಗಿದೆ. ಪಾಂಚಾಲ ದೇಶದ ಕಾಂಪಿಲ್ಯದ ಹತ್ತಿರ, ಗಂಗಾತೀರದ ವನದಲ್ಲಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಆತ್ರೇಯ ಪುನರ್ವಸುವು, ಒಂದು ಜನಪದವೇ ಒಮ್ಮೆಲೆ ನಾಶವಾಗುವದಕ್ಕೆ ಕಾರಣವೇನೆಂಬುದನ್ನು ಅಗ್ನಿವೇಶನಿಗೆ ಹೇಳುತ್ತಾನೆ. ಜನರ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆ ಬೇರೆಯಾಗಿದ್ದರೂ ಅವರೆಲ್ಲರಿಗೂ ಸಮಾನವಾದವು ನಾಲ್ಕು ಉಂಟು: ವಾಯು, ಉದಕ, ದೇಶ, ಕಾಲ. ಇವು ಕೆಟ್ಟಲ್ಲಿ ಊರೂರುಗಳೇ ಕೆಡುವವು. ಇವು ಕೆಡುವದಕ್ಕೆ ಮೂಲವು ಅಧರ್ಮ. ಆ ಅಧರ್ಮವು ಆಳುವವರಿಂದ ಆರಂಭವಾಗಿ ಕೆಳಗಿಳಿಯುತ್ತದೆ ಎಂದು ಅವನ ಅಭಿಪ್ರಾಯ.

ಆಯುಸ್ಸಿನ ವಿಷಯದಲ್ಲಿ ಆತ್ರೇಯನು ಕೊಡುವ ದೃಷ್ಟಾಂತವು ಬಂಡಿಯ ಅಚ್ಚಿನದು. ಒಳ್ಳೆಯ ಮರದ ಅಚ್ಚು ಕ್ರಮವಾಗಿ ನಡೆದರೆ ತನ್ನ ಕಾಲಕ್ಕೆ ತಾನೇ ಸವೆದು ಮುಗಿಯುತ್ತದೆ, ಅದು ಕಾಲಮೃತ್ಯು. ಅದೇ ಅಚ್ಚು ಹೇರು ಹೆಚ್ಚಾದುದರಿಂದಲೋ, ದಾರಿ ಏರುತಗ್ಗಾದುದರಿಂದಲೋ, ಎಣ್ಣೆಯಿಲ್ಲದುದರಿಂದಲೋ, ಹೊಡೆಯುವವನ ತಪ್ಪಿನಿಂದಲೋ ನಡುದಾರಿಯಲ್ಲಿ ಮುರಿದರೆ ಅದು ಅಕಾಲಮೃತ್ಯು. ಎರೆನೆಲದ ಕೆಸರಿನಲ್ಲಿ ಚಕ್ಕಡಿ ಹೂತುಹೋಗುವದನ್ನು ಕಂಡ ನವಲಗುಂದ, ಅಣ್ಣಿಗೇರಿಯ ಒಕ್ಕಲಿಗನಿಗೆ ಈ ದೃಷ್ಟಾಂತವನ್ನು ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ.

ಶಾಸ್ತ್ರವು ಭೇದವನ್ನು ಹೇಳಿತು. ಆದರೆ ಒಂದು ನಾಡಿನಲ್ಲಿ ಇಂತಿಷ್ಟು ಮರಣಗಳು ಅಕಾಲದವೆಂದು ಎಣಿಸುವ ಉಪಾಯವನ್ನು ಹೇಳಲಿಲ್ಲ. ಆ ಉಪಾಯವು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಂಡದಲ್ಲಿ ಹುಟ್ಟಿತು. ಅಲ್ಲಿಯ ಜನನಮರಣಗಳ ದಫ್ತರದಲ್ಲಿದ್ದ ವಿಲಿಯಮ್ ಫಾರ್ ಎಂಬವನು ದೇಶದ ಆರೋಗ್ಯವಂತ ಪ್ರಾಂತಗಳನ್ನು ಆರಿಸಿ, ಅಲ್ಲಿ ವರ್ಷಕ್ಕೆ ಸಾವಿರಕ್ಕೆ 17 ಜನ ಸಾಯುತ್ತಾರೆಂದು ಕಂಡು, ಉಳಿದ ಪ್ರಾಂತಗಳಲ್ಲಿ ಅದಕ್ಕಿಂತ ಹೆಚ್ಚಾದ ಮರಣಗಳನ್ನು ತಪ್ಪಿಸಬಹುದಾಗಿದ್ದ ಮರಣಗಳೆಂದು ಗಣಿಸಿದನು. ಈ ಕ್ರಮದ ಸಾರವು ಹೋಲಿಕೆಯಲ್ಲಿದೆ. ಒಂದು ನಾಡು ತನ್ನನ್ನು ತಾನೇ ನೋಡಿಕೊಂಡಾಗ ತನ್ನ ಸಾವುಗಳೆಲ್ಲ ಹಣೆಬರಹವಾಗಿ ತೋರುತ್ತವೆ. ಅದೇ ಮಳೆ, ಅದೇ ಧಾನ್ಯ, ಅದೇ ನುಡಿಯುಳ್ಳ ನೆರೆನಾಡನ್ನು ಪಕ್ಕದಲ್ಲಿಟ್ಟು ನೋಡಿದರೆ, ಹಣೆಬರಹವು ಎಷ್ಟು, ಹೇರು ಮತ್ತು ದಾರಿಗಳ ತಪ್ಪು ಎಷ್ಟು ಎಂಬುದು ಬೇರ್ಪಡುತ್ತದೆ.

ಕನ್ನಡ ದೇಶದಲ್ಲಿ ಇಂಥ ಹೋಲಿಕೆಗೆ ಧಾರವಾಡ ಜಿಲ್ಲೆ ಮತ್ತು ಮೈಸೂರು ಸಂಸ್ಥಾನಗಳಿಗಿಂತ ಅನುಕೂಲವಾದ ಜೋಡಿಯಿಲ್ಲ. 1818ರಲ್ಲಿ ಪೇಶವಾಯಿಯು ಮುಗಿದ ಮೇಲೆ ಧಾರವಾಡ ಸೀಮೆಯು ಕಂಪನಿ ಸರಕಾರಕ್ಕೆ ಸೇರಿ ಮುಂದೆ ಮುಂಬಯಿ ಇಲಾಖೆಯ ಜಿಲ್ಲೆಯಾಯಿತು. ಮೈಸೂರು 1799ರಿಂದ ಒಡೆಯರ ಸಂಸ್ಥಾನವಾಗಿದ್ದು, 1831ರಿಂದ 1881ರವರೆಗೆ ಇಂಗ್ಲಿಷ್ ಕಮಿಶನರರ ಆಡಳಿತದಲ್ಲಿದ್ದು, ಆಮೇಲೆ ಪುನಃ ಅರಸರ ಕೈಗೆ ಬಂದಿತು. ಇಂದಿನ ಗದಗ, ಹಾವೇರಿ ಜಿಲ್ಲೆಗಳು 1997ರವರೆಗೂ ಧಾರವಾಡದ ಭಾಗಗಳೇ ಆಗಿದ್ದುದರಿಂದ ಹಳೆಯ ಧಾರವಾಡದ ತೆಂಕಣ ಎಲ್ಲೆಯು ಮೈಸೂರಿನ ಎಲ್ಲೆಗೆ ತಾಗಿತ್ತು. ಎಲ್ಲೆಯ ಈಚೆಗೆ ಜೋಳ, ಆಚೆಗೆ ರಾಗಿ; ಈಚೆಗೆ ಗೌಡ, ಕುಲಕರ್ಣಿ, ಆಚೆಗೆ ಪಟೇಲ, ಶಾನುಭೋಗ; ತಳವಾರನು ಎರಡು ಕಡೆಗೂ ಒಬ್ಬನೇ.

ಈ ಹೋಲಿಕೆಯ ಮೊದಲ ಅಂಕವು ಲೆಕ್ಕವಿಲ್ಲದ ಕಾಲದ್ದು. 1790ರಲ್ಲಿ ಪರಶುರಾಮಭಾವು ಪಟವರ್ಧನನು ಟಿಪ್ಪುವಿನ ಮೇಲೆ ದಂಡೆತ್ತಿ ಬಂದು, ಬದ್ರುಜ್ಜಮಾನ್ ಖಾನನು ಕಾಯುತ್ತಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದನು. ಕೋಟೆಯು 1791ರ ಏಪ್ರಿಲ್ ತಿಂಗಳವರೆಗೆ ನಿಂತಿತು. ಸೈನ್ಯವು ಹೋದ ದಾರಿಯಲ್ಲಿ ಮೇವು, ಕಾಳು, ದನಗಳು ಉಳಿಯಲಿಲ್ಲ. ಅದರ ಮೇಲೆ ಮಳೆಗಳೂ ತಪ್ಪಿದವು. 1791-92ರ ಆ ಕ್ಷಾಮವು ಡೋಜಿ ಬರ, ಎಂದರೆ ತಲೆಬುರುಡೆಯ ಬರವೆಂದು ಜನರ ಬಾಯಲ್ಲಿ ಉಳಿಯಿತು. ಸುಡುವವರೂ ಹೂಳುವವರೂ ಇಲ್ಲದೆ ಬಿದ್ದ ಎಲುಬುಗಳಿಂದ ಹೊಲಗಳು ಬೆಳ್ಳಗಾದುವೆಂದು ಈ ಹೆಸರಿನ ಅರ್ಥ. ಎಲ್ಲೆಯ ಆಚೆಗೂ ಸ್ಥಿತಿಯು ಬೇರೆಯಾಗಿರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಪರಶುರಾಮಭಾವುವಿನ ದಂಡು ಬಂದುಹೋದ ಮೇಲೆ ಹಾಳುಬಿದ್ದ ಊರುಗಳ ಸುದ್ದಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ಮೇಲಿಂದ ಮೇಲೆ ಬರೆದಿದ್ದಾನೆ.

ಈ ಬರದ ಕುರುಹು ಇತ್ತೀಚೆಗೆ ಅಣ್ಣಿಗೇರಿಯಲ್ಲಿ ನೆಲದೊಳಗಿಂದ ಎದ್ದುಬಂದಂತೆ ಆಯಿತು. ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ, ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವುಳ್ಳ ಈ ಊರಿನಲ್ಲಿ 2010ರ ಆಗಸ್ಟ್ ತಿಂಗಳಲ್ಲಿ ಗಟಾರಿಗಾಗಿ ಅಗೆಯುವಾಗ ಸಾಲುಸಾಲಾಗಿ ಇಟ್ಟಿದ್ದ ನೂರಾರು ತಲೆಬುರುಡೆಗಳು ಕಂಡವು. ಇದು ಯಾವುದೋ ಯುದ್ಧದ ಹತ್ಯಾಕಾಂಡವೆಂದು ಮೊದಲು ಊಹಿಸಿದರು. ಒಂದು ಪ್ರಯೋಗಶಾಲೆಯ ಕಾಲಪರೀಕ್ಷೆಯು ಬುರುಡೆಗಳನ್ನು ಆರು ಶತಮಾನಗಳಷ್ಟು ಹಿಂದಕ್ಕೆ ಒಯ್ದಿತು. ಇನ್ನೊಂದರದು ಎರಡು ಶತಮಾನಗಳ ಆಸುಪಾಸಿಗೆ ತಂದಿತು. ಎರಡನೆಯದನ್ನು ಹಿಡಿದು, ಇವು ಡೋಜಿ ಬರದಲ್ಲಿ ಸತ್ತವರ ತಲೆಗಳು, ಆಮೇಲೆ ಬದುಕಿ ಉಳಿದವರು ಹೊಲಗಳಿಂದ ಆಯ್ದು ತಂದು ಒಂದೆಡೆ ಹುಗಿದಿರಬೇಕು ಎಂಬ ಅಭಿಪ್ರಾಯವು ಪ್ರಬಲವಾಯಿತು. ಈ ನಿರ್ಣಯವು ಸರಿಯಾದ ಪಕ್ಷದಲ್ಲಿ, ಆ ಬರದ ಸತ್ತವರನ್ನು ತಲೆಯೆಣಿಸಿದ ಏಕಮಾತ್ರ ಲೆಕ್ಕವು ಆ ಸಾಲುಗಳೇ ಆಗುತ್ತವೆ. ಕಾಗದದ ಮೇಲೆ ಧಾರವಾಡಕ್ಕಾಗಲಿ ಮೈಸೂರಿಗಾಗಲಿ ಅಂಥ ಎಣಿಕೆಯಿಲ್ಲದ ಕಾರಣ, ಎರಡು ನಾಡುಗಳನ್ನು ತೂಗಿನೋಡುವದು ಆ ಕಾಲಕ್ಕೆ ಶಕ್ಯವಾಗದು.

ತೂಕದ ಬಟ್ಟು ಕೈಗೆ ಬಂದುದು ಖಾನೇಸುಮಾರಿಯಿಂದ. ಮೈಸೂರಿನಲ್ಲಿ 1871ರ ನವೆಂಬರ್ ತಿಂಗಳಲ್ಲಿಯೂ ಮುಂಬಯಿ ಇಲಾಖೆಯಲ್ಲಿ 1872ರ ಫೆಬ್ರವರಿಯಲ್ಲಿಯೂ ಮೊದಲ ದೊಡ್ಡ ಎಣಿಕೆ ನಡೆಯಿತು. ಎರಡನೆಯದು ಸಮಸ್ತ ಹಿಂದುಸ್ಥಾನಕ್ಕೆ 1881ರ ಫೆಬ್ರವರಿ 17ರಂದು. ಈ ಎರಡು ಎಣಿಕೆಗಳ ನಡುವೆ 1876-78ರ ಮಹಾಕ್ಷಾಮವು ಬಿದ್ದಿತು. ಮೈಸೂರಿನ ಜನಸಂಖ್ಯೆಯು 50,55,412ರಿಂದ 41,86,188ಕ್ಕೆ ಇಳಿಯಿತು. ಧಾರವಾಡದ್ದು ಸುಮಾರು 9 ಲಕ್ಷ 88 ಸಾವಿರದಿಂದ 8 ಲಕ್ಷ 83 ಸಾವಿರಕ್ಕೆ. ನೂರಕ್ಕೆ ಹೇಳುವದಾದರೆ ಮೈಸೂರು 17 ಜನರನ್ನೂ ಧಾರವಾಡವು 10ಕ್ಕಿಂತ ಸ್ವಲ್ಪ ಹೆಚ್ಚು ಜನರನ್ನೂ ಕಳೆದುಕೊಂಡವು.

ಈ ಅಂಕಿಗಳನ್ನು ಓದುವಾಗ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಇಳಿಕೆಯೆಲ್ಲ ಸಾವಲ್ಲ. ಗುಳೆ ಹೋದವರು ಮತ್ತು ಬರದ ದೆಸೆಯಿಂದ ಹುಟ್ಟದೆಯೇ ಹೋದ ಮಕ್ಕಳು ಅದರಲ್ಲಿ ಸೇರಿದ್ದಾರೆ. ಎರಡನೆಯದಾಗಿ, ಸಾವೆಲ್ಲ ಇಳಿಕೆಯಲ್ಲಿ ಕಾಣುವದಿಲ್ಲ. ಬರದ ಮುಂಚಿನ ನಾಲ್ಕೈದು ವರ್ಷಗಳಲ್ಲಿ ಬೆಳೆದ ಜನಸಂಖ್ಯೆಯು ಎಣಿಕೆಗೆ ಸಿಕ್ಕುವ ಮೊದಲೇ ಅಳಿದುಹೋಯಿತು. ಮೂರನೆಯದಾಗಿ, ಒಂದು ಜಿಲ್ಲೆಯನ್ನು ಅದರ ಐದು ಪಾಲಿನ ಸಂಸ್ಥಾನದೊಡನೆ ಹೋಲಿಸುವಾಗ ಎರಡರ ಒಳಭೇದಗಳನ್ನು ಮರೆಯಬಾರದು. ಧಾರವಾಡ ಜಿಲ್ಲೆಯೊಳಗೇ ನವಲಗುಂದ, ಅಣ್ಣಿಗೇರಿಗಳ ಬೆಳವಲವು ಕೇವಲ ಮಳೆಯನ್ನು ನಂಬಿದ ಎರೆನೆಲ. ಭೂಮಿಯಲ್ಲಿ ಹಸಿ ನಿಂತರೆ ಹಿಂಗಾರಿ ಬೆಳೆ, ನಿಲ್ಲದಿದ್ದರೆ ಏನೂ ಇಲ್ಲ. ಕಲಘಟಗಿಯು ಪಡುವಣ ಸೆರಗಿನ ಅರೆಮಲೆನಾಡು. ಕೆರೆ, ಕಾಡು, ಬತ್ತಗಳುಳ್ಳದ್ದು. ಕುಂದಗೋಳವು ನೆಲದಿಂದ ಬೆಳವಲಕ್ಕೆ ಸೇರಿದ್ದರೂ 1948ರವರೆಗೆ ಜಮಖಂಡಿ ಸಂಸ್ಥಾನದ ತಾಲೂಕಾಗಿದ್ದುದರಿಂದ, ಅಲ್ಲಿಯ ಸತ್ತವರು ಧಾರವಾಡದ ತಖ್ತೆಯಲ್ಲಿ ಬರುವದೇ ಇಲ್ಲ. ಒಂದೇ ಬೆನ್ನಿಹಳ್ಳದ ನೀರು ಕುಡಿದ ಎರಡು ಊರುಗಳ ಮರಣಗಳು ಎರಡು ಸರಕಾರಗಳ ಪುಸ್ತಕಗಳಲ್ಲಿ ಹಂಚಿಹೋದವು.

ಎಚ್ಚರಿಕೆಗಳನ್ನೆಲ್ಲ ಸಲ್ಲಿಸಿದ ಮೇಲೂ ಮೈಸೂರಿನ ನಷ್ಟವು ಹೆಚ್ಚೆಂಬುದು ನಿಲ್ಲುತ್ತದೆ. ಇದರ ಕಾರಣವನ್ನು ವಿಚಾರಿಸುವಾಗ ಸುಲಭವಾಗಿ ಬಾಯಿಗೆ ಬರುವ ಉತ್ತರಗಳು ನಿಲ್ಲುವದಿಲ್ಲ. ರೈಲಿನ ಅಭಾವವೆನ್ನೋಣವೇ? ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಧಾರವಾಡ ಜಿಲ್ಲೆಯಲ್ಲಿ ಒಂದು ಹಳಿಯೂ ಇರಲಿಲ್ಲ, ಹುಬ್ಬಳ್ಳಿ, ಗದಗಗಳು ಅದನ್ನು ಕಂಡದ್ದು ಬರ ಮುಗಿದ ಮೇಲೆ 1880ರ ದಶಕದಲ್ಲಿ. ಸ್ವದೇಶೀ ಅರಸರ ಆಡಳಿತದ ದೋಷವೇ? ಆಗ ಮೈಸೂರನ್ನು ಆಳುತ್ತಿದ್ದವರು ಇಂಗ್ಲಿಷ್ ಕಮಿಶನರರೇ. ಭೇದವು ಕೆಲಸದ ಏರ್ಪಾಡಿನಲ್ಲಿ ಕಾಣುತ್ತದೆ. ಮುಂಬಯಿ ಸರಕಾರವು 1876ರ ಕೊನೆಗೇ ದೊಡ್ಡ ಕಾಮಗಾರಿಗಳನ್ನು ತೆರೆದು, ಬರಗಾಲದವರಿಗೆ ಕೂಲಿಯ ರೂಪದಿಂದ ಅನ್ನ ಸಿಕ್ಕುವಂತೆ ಮಾಡಿತು. ಮೈಸೂರಿನಲ್ಲಿ ಅಂಥ ವ್ಯವಸ್ಥೆಯು ನೆಲೆಗೊಂಡದ್ದು ತಡವಾಗಿ, 1877ರಲ್ಲಿ ಚಾರ್ಲ್ಸ್ ಎಲಿಯಟ್ಟನು ಕ್ಷಾಮದ ಕಮಿಶನರನಾಗಿ ಬಂದ ಮೇಲೆ. ಅಷ್ಟರಲ್ಲಿ ಹಗೇವುಗಳಲ್ಲಿ ಕೂಡಿಟ್ಟ ರಾಗಿಯು ಮುಗಿದಿತ್ತು. ಅಂಬಲಿಯ ಛತ್ರಗಳ ಕಡೆಗೆ ನಡೆದು ಬರುತ್ತಲೇ ಜನರು ದಾರಿಯಲ್ಲಿ ಬಿದ್ದರು.

ಆದರೆ ಮುಂಬಯಿ ಇಲಾಖೆಯನ್ನು ಹೊಗಳುವದಕ್ಕೂ ಮಿತಿಯುಂಟು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲನ ಸಲಹೆಯ ಮೇರೆಗೆ ಕೂಲಿಯನ್ನು ಇಳಿಸಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಿಕ್ಕುವಷ್ಟಕ್ಕೆ ತಂದರು. ಇಲಾಖೆಯ ಸಾವಿರಾರು ಕೂಲಿಗಳು ಕೆಲಸವನ್ನು ಬಿಟ್ಟು ಹೋದರು. ಹತ್ತಿಯ ಪೇಟೆಗಾಗಿ ಬೆಳವಲದ ಹೊಲಗಳನ್ನು ಅಮೇರಿಕದ ಹತ್ತಿಯ ಬೀಜಕ್ಕೆ ಒಗ್ಗಿಸಿದ ಸರಕಾರವು, ಕಾಳಿನ ಸಂಗ್ರಹವು ಎಷ್ಟು ಕುಗ್ಗಿತೆಂಬುದನ್ನು ಎಣಿಸಿರಲಿಲ್ಲ. ಮೈಸೂರಿನ ಬೊಕ್ಕಸದಲ್ಲಿದ್ದ ಸುಮಾರು 63 ಲಕ್ಷ ರೂಪಾಯಿಗಳ ಉಳಿತಾಯವು ಕರಗಿ, 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಒಪ್ಪಿಸುವಾಗ ಅದರೊಡನೆ 80 ಲಕ್ಷ ರೂಪಾಯಿಗಳ ಸಾಲವೂ ಕೂಡಿತ್ತು. ಈ ಅನುಭವದಿಂದ ಹುಟ್ಟಿದ್ದೇ 1880ರ ಕ್ಷಾಮ ಆಯೋಗದ ವರದಿ ಮತ್ತು ಮುಂದಿನ ಕ್ಷಾಮನಿಬಂಧನೆಗಳು. ಬರ ಬಿದ್ದಾಗ ಏನು ಮಾಡಬೇಕೆಂಬುದನ್ನು ಬರ ಬೀಳುವ ಮೊದಲೇ ಬರೆದಿಡಬೇಕೆಂಬ ತತ್ವವು ಎರಡು ನಾಡುಗಳ ಹೆಣಗಳ ಮೇಲೆ ಸ್ಥಾಪಿತವಾಯಿತು.

1881ರಿಂದ 1891ರವರೆಗಿನ ದಶಕದಲ್ಲಿ ಎರಡೂ ನಾಡುಗಳು ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡವು: ಮೈಸೂರು ನೂರಕ್ಕೆ 18, ಧಾರವಾಡ ನೂರಕ್ಕೆ 19. ಇದನ್ನು ನೋಡಿ ಗಾಯವು ಮಾದುಹೋಯಿತೆಂದು ತಿಳಿಯುವದು ಸಹಜ. ಆದರೆ ಮಹಾಕ್ಷಾಮವು ಮುದುಕರನ್ನೂ ಹಸುಗೂಸುಗಳನ್ನೂ ಮೊದಲೇ ಒಯ್ದಿದ್ದುದರಿಂದ ಉಳಿದವರಲ್ಲಿ ಹೆರುವ ಪ್ರಾಯದವರ ಪ್ರಮಾಣವು ಹೆಚ್ಚಾಗಿತ್ತು. ಗುಳೆ ಹೋದವರೂ ಮರಳಿದರು. ಚೇತರಿಕೆಯ ಅಂಕಿಯು ನಷ್ಟದ ಅಂಕಿಯ ನೆರಳೇ ಆಗಿದೆ.

ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಹೋಲಿಕೆಯು ತಿರುವುಮುರುವಾಯಿತು. 1896ರಲ್ಲಿ ಮುಂಬಯಿ ಪಟ್ಟಣದಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ಬಂದು 1898ರಲ್ಲಿ ಹುಬ್ಬಳ್ಳಿಯನ್ನು ಮುತ್ತಿತು. ಹುಬ್ಬಳ್ಳಿಯು ಆಗ ದಕ್ಷಿಣ ಮರಾಠಾ ರೈಲ್ವೆಯ ದೊಡ್ಡ ಠಾಣೆ, ಹತ್ತಿ ಮತ್ತು ಕಾಳಿನ ಪೇಟೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರೋಗವು ಹುಬ್ಬಳ್ಳಿಯ ಗಾಡಿಯಿಂದಲೇ ಬೆಂಗಳೂರಿಗೆ ಹೋಯಿತೆಂದು ಆ ಕಾಲದ ದಾಖಲೆಗಳು ಹೇಳುತ್ತವೆ. ಕ್ಷಾಮದಲ್ಲಿ ಅನ್ನವನ್ನು ತರಲೆಂದು ಹಾಕಿದ ಹಳಿಗಳು ಇಲಿ, ಚಿಗಟಗಳನ್ನೂ ತಂದವು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುವದೆಂಬ ಪಾಲ್ ಲೂಯಿ ಸಿಮೊಂಡನ ಊಹೆಯು 1898ರಲ್ಲಿಯೇ ಪ್ರಕಟವಾಗಿದ್ದರೂ ಅದು ಸಿದ್ಧವಾಗಿ ನಿಲ್ಲಲು ಇನ್ನೂ ಹತ್ತು ವರ್ಷ ಬೇಕಾಯಿತು. ಇಲಿ ಬಿದ್ದ ಮನೆಯನ್ನು ತೊರೆದು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ಹಳ್ಳಿಗರು ಶಾಸ್ತ್ರದ ಅಪ್ಪಣೆಗೆ ಕಾಯದೆ ಕಂಡುಕೊಂಡರು.

ಹುಬ್ಬಳ್ಳಿಯ ಹೆಸರು ವೈದ್ಯದ ಇತಿಹಾಸದಲ್ಲಿ ನಿಂತಿರುವದು ಇನ್ನೊಂದು ಕಾರಣದಿಂದ. ವಾಲ್ಡೆಮಾರ್ ಹಾಫ್ಕಿನ್ನನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಿದನು. ಬೇರೆ ಊರುಗಳಲ್ಲಿ ತಪಾಸಣೆ, ಬೇರ್ಪಡಿಕೆಗಳ ಬಲಾತ್ಕಾರದಿಂದ ಜನರು ರೊಚ್ಚಿಗೆದ್ದ ಕಾಲದಲ್ಲಿ ಇಷ್ಟು ಜನರು ತೋಳು ಒಡ್ಡಿದ್ದು ಅಪೂರ್ವ ಸಂಗತಿ. ಲಸಿಕೆಯನ್ನು ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. ಆದರೆ ಲಸಿಕೆಯು ಪೇಟೆಯನ್ನು ಮುಟ್ಟಿದಷ್ಟು ಹಳ್ಳಿಯನ್ನು ಮುಟ್ಟಲಿಲ್ಲ. ಪ್ಲೇಗಾದರೋ ವರ್ಷ ವರ್ಷವೂ ಬೆಳವಲದ ಹಳ್ಳಿಗಳಿಗೆ ಬಂದು ಹೋಗುವ ಅತಿಥಿಯಾಯಿತು.

ಪರಿಣಾಮವು ಖಾನೇಸುಮಾರಿಯಲ್ಲಿ ಸ್ಪಷ್ಟವಾಗಿದೆ. 1901ರಲ್ಲಿ 11,13,298 ಇದ್ದ ಧಾರವಾಡದ ಜನಸಂಖ್ಯೆಯು 1911ಕ್ಕೆ ಸುಮಾರು 10 ಲಕ್ಷ 26 ಸಾವಿರಕ್ಕೆ ಇಳಿಯಿತು. ಅದೇ ದಶಕದಲ್ಲಿ ಮೈಸೂರು 55,39,399ರಿಂದ 58,06,193ಕ್ಕೆ ಏರಿತು. ಕ್ಷಾಮದಲ್ಲಿ ಹೆಚ್ಚು ಕಳೆದುಕೊಂಡ ನಾಡು ಪ್ಲೇಗಿನಲ್ಲಿ ಕಡಿಮೆ ಕಳೆದುಕೊಂಡಿತು. ಮೈಸೂರು ಪ್ಲೇಗಿನಿಂದ ಪಾರಾಯಿತೆಂದು ಇದರ ಅರ್ಥವಲ್ಲ. ಬೆಂಗಳೂರು ಮೈಸೂರು ಪಟ್ಟಣಗಳು ಘೋರವಾಗಿ ನೊಂದವು. ಆದರೆ ವಿಸ್ತಾರವಾದ ಆ ಸಂಸ್ಥಾನದ ಹಲವು ಭಾಗಗಳು ರೈಲು ಮತ್ತು ಹತ್ತಿಯ ಪೇಟೆಗಳಿಂದ ದೂರವಿದ್ದವು. ಧಾರವಾಡದ ಬೆಳವಲವು ಅವೆರಡರ ನಡುವಿನಲ್ಲಿಯೇ ಇದ್ದಿತು. ಅದರ ಜೊತೆಗೆ, ಮೈಸೂರು ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗಿನ ಕಮಿಶನರರನ್ನಾಗಿ ನೇಮಿಸಿ, ಇಕ್ಕಟ್ಟಾದ ಪೇಟೆಗಳನ್ನು ಬಿಡಿಸಿ ಬಸವನಗುಡಿ, ಮಲ್ಲೇಶ್ವರಗಳಂಥ ವಿಶಾಲವಾದ ಬಡಾವಣೆಗಳನ್ನು ಬೆಳೆಯಿಸಿತು. ರಾಜಧಾನಿಯು ಕೈಗೆಟಕುವ ದೂರದಲ್ಲಿರುವ ನಾಡಿಗೂ, ಮುನ್ನೂರು ಮೈಲುಗಳಾಚೆಯ ಮುಂಬಯಿಯಿಂದ ಆಜ್ಞೆಗಳನ್ನು ಕಾಯುವ ಜಿಲ್ಲೆಗೂ ಇರುವ ಅಂತರವು ಇಲ್ಲಿ ಮೊದಲ ಬಾರಿಗೆ ಕಾಣುತ್ತದೆ.

ಮರಣಗಳನ್ನು ಬರೆಯುವ ಕ್ರಮವನ್ನೂ ಇಲ್ಲಿಯೇ ವಿಮರ್ಶಿಸಬೇಕು. ಊರಿನಲ್ಲಿ ಯಾರು ಸತ್ತರೆಂಬುದನ್ನು ತಳವಾರನು ಗೌಡನಿಗೆ ತಿಳಿಸುವನು. ಕುಲಕರ್ಣಿಯು ಪುಸ್ತಕದಲ್ಲಿ ಬರೆಯುವನು. ರೋಗದ ಹೆಸರಿಗೆ ಇದ್ದ ಮನೆಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ, ಅಪಘಾತ, ಇತರ. ಇವುಗಳಲ್ಲಿ ಜ್ವರದ ಮನೆಯು ಉಳಿದೆಲ್ಲವನ್ನೂ ನುಂಗುತ್ತಿತ್ತು; ಬಾಣಂತಿಯ ನಂಜು, ಕ್ಷಯ, ಮಲೆನಾಡಿನ ಚಳಿಜ್ವರಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಬೇರ್ಪಡಿಕೆಯ ಭಯದಿಂದ ಪ್ಲೇಗನ್ನೂ ಎಷ್ಟೋ ಮನೆಗಳವರು ಜ್ವರವೆಂದೇ ಹೇಳಿದರು. ಹುಟ್ಟಿದ ವಾರದೊಳಗೆ ತೀರಿಕೊಂಡ ಕೂಸು ಜನನದ ಪುಟದಲ್ಲಿಯೂ ಮರಣದ ಪುಟದಲ್ಲಿಯೂ ಸೇರದೆ ಹೋಗುವದು ಸಾಮಾನ್ಯವಾಗಿತ್ತು. ಆದಕಾರಣ ಒಂದು ನಾಡಿನ ಮರಣಪ್ರಮಾಣವು ನೆರೆನಾಡಿಗಿಂತ ಕಡಿಮೆಯೆಂದು ಪುಸ್ತಕವು ಹೇಳಿದರೆ, ಅಲ್ಲಿ ಜನರು ಹೆಚ್ಚು ಬದುಕಿದರೋ, ಕುಲಕರ್ಣಿಯು ಕಡಿಮೆ ಬರೆದನೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಹತ್ತು ವರ್ಷಕ್ಕೊಮ್ಮೆ ಬರುವ ಖಾನೇಸುಮಾರಿಯನ್ನೇ ಈ ಲೇಖನದಲ್ಲಿ ಮುಖ್ಯ ಪ್ರಮಾಣವನ್ನಾಗಿ ಹಿಡಿದಿರುವದು ಈ ಕಾರಣದಿಂದಲೇ.

1918ರ ಇನ್‌ಫ್ಲುಯೆಂಜಾ ಬೇನೆಯು ಎಲ್ಲೆಯ ಭೇದವನ್ನು ಅಳಿಸಿತು. ಹಿಂದುಸ್ಥಾನದಲ್ಲಿ ಅದರಿಂದ ಸತ್ತವರನ್ನು ವಿದ್ವಾಂಸರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಅಂದಾಜು ಮಾಡಿದ್ದಾರೆ. ಕೂಸುಗಳನ್ನೂ ಮುದುಕರನ್ನೂ ಒಯ್ಯುವದು ಇತರ ಬೇನೆಗಳ ರೀತಿ. ಇದಾದರೋ ಇಪ್ಪತ್ತರಿಂದ ನಾಲ್ವತ್ತರ ನಡುವಿನ ಗಟ್ಟಿಮುಟ್ಟಾದವರನ್ನು ಆರಿಸಿತು, ಮನೆಯಲ್ಲಿ ರೋಗಿಗಳ ಸೇವೆಗೆ ನಿಂತ ಹೆಂಗಸರನ್ನು ಹೆಚ್ಚಾಗಿ ಕೊಂದಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. 1911ರಿಂದ 1921ರ ದಶಕದಲ್ಲಿ ಮೈಸೂರು ನೂರಕ್ಕೆ 3ರಷ್ಟು ಮಾತ್ರ ಬೆಳೆಯಿತು. ಧಾರವಾಡವು ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಿತು. ಆ ದಶಕದಲ್ಲಿ ಹಿಂದುಸ್ಥಾನದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಸ್ಸು ಸುಮಾರು 20 ವರ್ಷಗಳೆಂದು ಗಣಿತಜ್ಞರು ತೆಗೆದಿದ್ದಾರೆ. ಇದರ ಅರ್ಥವು ಎಲ್ಲರೂ ಇಪ್ಪತ್ತಕ್ಕೆ ಸಾಯುತ್ತಿದ್ದರೆಂದಲ್ಲ. ಅಸಂಖ್ಯ ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದುದರಿಂದ ಸರಾಸರಿಯು ಅಷ್ಟು ಕೆಳಗೆ ಬಿದ್ದಿತು. ಶತಾಯುಸ್ಸನ್ನು ಹರಸುತ್ತಿದ್ದ ಸಮಾಜದ ನಿಜವಾದ ಆಯುಸ್ಸು ಅದರ ಐದನೆಯ ಒಂದು ಪಾಲಾಗಿತ್ತು.

ಇದಾದ ಮೇಲೆ ಎರಡು ನಾಡುಗಳೂ ರೋಗದ ಬೇರನ್ನು ಹುಡುಕಲು ತೊಡಗಿದವು. ಮೈಸೂರು ಮೊದಲು, ಧಾರವಾಡ ಆಮೇಲೆ. ಅಮೇರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮೈಸೂರು ಸರಕಾರವು 1920ರ ದಶಕದ ಕೊನೆಗೆ ಮುಡಿಗೆರೆ, ನಾಗೇನಹಳ್ಳಿ, ಹಿರಿಯೂರುಗಳಲ್ಲಿ ಮಲೇರಿಯದ ಅಭ್ಯಾಸಕೇಂದ್ರಗಳನ್ನೂ, 1929ರಲ್ಲಿ ಮಂಡ್ಯದಲ್ಲಿ ಹಳ್ಳಿಗಳ ಆರೋಗ್ಯಘಟಕವನ್ನೂ ತೆರೆಯಿತು. 1930ರಲ್ಲಿ ಬೆಂಗಳೂರು ಮೈಸೂರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ಸ್ಥಾಪಿಸಲು ಅಪ್ಪಣೆ ಹೊರಟಿತು. ಒಂದು ಸರಕಾರವು ಇಂಥ ಕಾರ್ಯಕ್ಕೆ ಕೈಹಾಕಿದ್ದು ಪ್ರಪಂಚದಲ್ಲಿಯೇ ಮೊದಲನೆಯ ಸಲ. ಮೇಲಿಂದ ಮೇಲೆ ಹೆರುವ ತಾಯಿಯ ಸಾವೂ ಅಕಾಲಮೃತ್ಯುವೇ ಎಂಬುದನ್ನು ರಾಜ್ಯವು ಒಪ್ಪಿಕೊಂಡಂತಾಯಿತು. 1921ರಿಂದ 1941ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಮೈಸೂರಿನ ಜನಸಂಖ್ಯೆಯು ಸುಮಾರು 60 ಲಕ್ಷದಿಂದ 73 ಲಕ್ಷಕ್ಕೆ ಏರಿತು.

ಧಾರವಾಡದ ಸರದಿಯು ತಡವಾಗಿ ಬಂದರೂ ದೊಡ್ಡದಾಗಿ ಬಂದಿತು. ಕಲಘಟಗಿಯಂಥ ಪಡುವಣ ಸೆರಗು ಬರಗಾಲದಲ್ಲಿ ತನ್ನ ಕೆರೆಕಾಡುಗಳಿಂದ ಜನರನ್ನು ಬದುಕಿಸಿತ್ತು. ಆದರೆ ಅದೇ ನೀರುನೆಳಲುಗಳು ಸೊಳ್ಳೆಯನ್ನು ಸಾಕಿ, ಮಳೆಗಾಲ ಮುಗಿದೊಡನೆ ಊರಿಗೆ ಊರನ್ನೇ ಚಳಿಜ್ವರದಿಂದ ಮಲಗಿಸುತ್ತಿದ್ದವು. ಬೆಳವಲದಲ್ಲಿ ನೀರಿಲ್ಲದೆ ಸಾವು, ಮಲೆಸೆರಗಿನಲ್ಲಿ ನೀರಿನಿಂದ ಸಾವು; ಉದಕವೂ ದೇಶವೂ ಕೆಟ್ಟಾಗ ಜನಪದವು ಕೆಡುತ್ತದೆಂದ ಆತ್ರೇಯನ ಮಾತು ಒಂದೇ ಜಿಲ್ಲೆಯ ಎರಡು ತಾಲೂಕುಗಳಲ್ಲಿ ಎರಡು ಬಗೆಯಾಗಿ ಫಲಿಸಿತು. 1940ರ ದಶಕದಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ವಿಭಾಗದ ಮುಖ್ಯಸ್ಥರಾಗಿದ್ದ ಡಿ. ಕೆ. ವಿಶ್ವನಾಥನ್ ಅವರು ಧಾರವಾಡ ಮತ್ತು ಕಾನಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಆರಂಭಿಸಿದರು. ಸೊಳ್ಳೆಯು ಕಚ್ಚಿದ ಮೇಲೆ ಗೋಡೆಯ ಮೇಲೆ ಕೂಡುತ್ತದೆ; ಆ ಗೋಡೆಯೇ ಅದನ್ನು ಕೊಂದರೆ ರೋಗವು ಮುಂದಿನ ಮೈಗೆ ದಾಟಲಾರದು. ಕೆಲವೇ ವರ್ಷಗಳಲ್ಲಿ ಜ್ವರವು ಮಲೆಸೆರಗಿನ ಹಳ್ಳಿಗಳಿಂದ ಹಿಮ್ಮೆಟ್ಟಿತು. 1953ರಲ್ಲಿ ಭಾರತ ಸರಕಾರವು ಆರಂಭಿಸಿದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಗೆ ಈ ಪ್ರಯೋಗವು ಒಂದು ಮಾದರಿಯಾಯಿತು. ಡಿ.ಡಿ.ಟಿ.ಯ ದೋಷಗಳು ಮುಂದೆ ತಿಳಿದುಬಂದವು. ಸೊಳ್ಳೆಯೂ ಅದಕ್ಕೆ ಒಗ್ಗಿಕೊಂಡಿತು. ಆದರೂ, ಜ್ವರದ ಮನೆಯಲ್ಲಿ ನೂರು ವರ್ಷಗಳಿಂದ ಸೇರುತ್ತಿದ್ದ ಸಾವುಗಳಲ್ಲಿ ಬಹುಪಾಲು ತಪ್ಪಿಸತಕ್ಕವುಗಳಾಗಿದ್ದವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿಯು ಬೇಕಾಗಿಲ್ಲ.

1956ರ ನವೆಂಬರ್ 1ರಂದು ಎರಡು ನಾಡುಗಳೂ ಒಂದು ರಾಜ್ಯವಾದವು. ಅಂದಿನಿಂದ ಧಾರವಾಡ ಮತ್ತು ಮೈಸೂರುಗಳನ್ನು ಎರಡು ದೇಶಗಳಂತೆ ಹೋಲಿಸುವ ಕಾರಣವು ಉಳಿಯಬಾರದಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆಗಳು ನವಲಗುಂದದ ಎರೆನೆಲಕ್ಕೆ ಬಂದವು. 1969ರ ಜನನ ಮರಣ ನೋಂದಣಿ ಕಾನೂನಿನಿಂದ ತಳವಾರನ ನೆನಪಿನ ಬದಲು ಒಂದೇ ಬಗೆಯ ದಫ್ತರವು ರಾಜ್ಯಕ್ಕೆಲ್ಲ ದೊರೆಯಿತು. ಸರಾಸರಿ ಆಯುಸ್ಸು ಇಪ್ಪತ್ತರಿಂದ ಎಪ್ಪತ್ತರ ಸಮೀಪಕ್ಕೆ ಏರಿದೆ. 2020ರ ಮಾದರಿ ನೋಂದಣಿಯ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷದೊಳಗೆ ಸತ್ತವು 19, ಸಮಸ್ತ ಭಾರತದಲ್ಲಿ 28, ಕೇರಳದಲ್ಲಿ 6. ಕರ್ನಾಟಕವು ಭಾರತಕ್ಕಿಂತ ಮೇಲಾದುದಕ್ಕೆ ಸಂತೋಷಪಡಬಹುದು. ಫಾರನ ಕ್ರಮದಿಂದ ಎಣಿಸಿದರೆ, ಕೇರಳವನ್ನು ಅಳತೆಗೋಲಾಗಿಟ್ಟಾಗ, ಸಾವಿರಕ್ಕೆ 13 ಕೂಸುಗಳು ಆ ವರ್ಷವೂ ಅಕಾಲದಲ್ಲಿ ಹೋಗುತ್ತಿದ್ದವೆಂದು ಒಪ್ಪಬೇಕಾಗುತ್ತದೆ.

ರಾಜ್ಯದೊಳಗಿನ ಅಂತರವೂ ಮುಗಿದಿಲ್ಲ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವು ಬಡಗಣ ಭಾಗದಲ್ಲಷ್ಟೇ ಅಲ್ಲದೆ ಹಳೆಯ ಮೈಸೂರಿನಲ್ಲಿಯೂ ಹರಡಿದ್ದರೂ, ಅತ್ಯಂತ ಹಿಂದುಳಿದವುಗಳ ಬಹುಪಾಲು ಬಡಗಣದ್ದೇ ಆಗಿತ್ತು. ಅಕಾಲಮೃತ್ಯುವಿನ ರೂಪವೂ ಈಗ ಬದಲಾಗಿದೆ. ಮೂವತ್ತರಿಂದ ಎಪ್ಪತ್ತರ ನಡುವೆ ಹೃದ್ರೋಗ, ಅರ್ಬುದ, ಮಧುಮೇಹ, ಶ್ವಾಸಕೋಶದ ದೀರ್ಘರೋಗಗಳಿಂದ ಬರುವ ಮರಣವನ್ನು ಇಂದು ವಿಶ್ವದ ರಾಷ್ಟ್ರಗಳು ಅಕಾಲಮರಣವೆಂದು ಎಣಿಸುತ್ತವೆ. 2030ರೊಳಗೆ ಅದನ್ನು ಮೂರನೆಯ ಒಂದು ಪಾಲಿನಷ್ಟು ಇಳಿಸಬೇಕೆಂದು ನಿಶ್ಚಯಿಸಿವೆ. ಹೇರು ಹೆಚ್ಚಾಗಿ ಮುರಿಯುತ್ತಿದ್ದ ಅಚ್ಚು ಈಗ ಎಣ್ಣೆಯಿಲ್ಲದೆಯೂ ಹೊಡೆಯುವವನ ತಪ್ಪಿನಿಂದಲೂ ಮುರಿಯುವ ಕಾಲವು ಬಂದಿದೆ.

ಈ ಎರಡು ಶತಮಾನಗಳ ಹೋಲಿಕೆಯಿಂದ ಸಿದ್ಧವಾಗುವದೇನೆಂದರೆ: ಧಾರವಾಡವು ಮೈಸೂರಿಗಿಂತ ಸ್ವಭಾವತಃ ರೋಗಿಷ್ಠವೂ ಅಲ್ಲ, ಮೈಸೂರು ಧಾರವಾಡಕ್ಕಿಂತ ದೈವದಿಂದ ಬಡವೂ ಅಲ್ಲ. 1877ರಲ್ಲಿ ಮೈಸೂರು ಸೋತಿತು, 1901ರ ಮುಂದಿನ ದಶಕದಲ್ಲಿ ಧಾರವಾಡವು ಸೋತಿತು, 1918ರಲ್ಲಿ ಎರಡೂ ಸೋತವು. ಸೋತಾಗಲೆಲ್ಲ ಕಾರಣವನ್ನು ಹೆಸರಿಸಲು ಬರುತ್ತದೆ: ತಡವಾಗಿ ತೆರೆದ ಕಾಮಗಾರಿ, ಇಳಿಸಿದ ಕೂಲಿ, ಹಳ್ಳಿಯನ್ನು ಮುಟ್ಟದ ಲಸಿಕೆ, ಸಿಂಪಡಿಸದ ಗೋಡೆ. ದೈವಪುರುಷಕಾರಗಳೆರಡೂ ಆಯುಸ್ಸಿಗೆ ಕಾರಣವೆಂದು ಆತ್ರೇಯನು ಹೇಳಿದನು; ಅವುಗಳಲ್ಲಿ ಪುರುಷಕಾರದ ಪಾಲು ಎಷ್ಟೆಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಅಣ್ಣಿಗೇರಿಯಲ್ಲಿ ಸಾಲಾಗಿ ಹುಗಿದ ಬುರುಡೆಗಳಿಗೆ ಹೆಸರೂ ವಯಸ್ಸೂ ಇಲ್ಲ. ಇಂದು ಸಾಯುವವರಿಗೆ ಅವೆರಡನ್ನೂ, ಅದರ ಜೊತೆಗೆ ಸಾವಿನ ನಿಜವಾದ ಕಾರಣವನ್ನೂ ಊರಿನ ದಫ್ತರದಲ್ಲಿ ಬರೆದಿಡುವದು ಹಳ್ಳಿಹಳ್ಳಿಯಲ್ಲಿ ನಡೆದಾಗ ಮಾತ್ರ, ಮುಂದಿನ ಸಂಶೋಧಕರಿಗೆ ಈ ಹೋಲಿಕೆಯನ್ನು ಇದಕ್ಕಿಂತ ಸರಿಯಾಗಿ ಮಾಡಲು ಬರುವದು.